ಪೇಜು ತೆರೆದರೆ ಸಾಲದು, ಉತ್ತರಿಸುವ ಅಧಿಕಾರವನ್ನೂ ಕೊಡಿ

ಸರ್ಕಾರಿ ನೌಕರರಿಗೆ ಸಾಮಾಜಿಕ ಜಾಲತಾಣಗಳ ಬಳಕೆ ಕುರಿತು ತರಬೇತಿ ಕೊಡಬೇಕು ಎಂಬ ಮಾತು ನಮ್ಮ ರಾಜ್ಯದ ಒಂದಲ್ಲ ಒಂದು ಇಲಾಖೆಯಲ್ಲಿ ಆಗಾಗ ಕೇಳಿಬರುತ್ತದೆ. ತರಬೇತಿಯೂ ನಡೆಯುತ್ತದೆ. ಪೋಸ್ಟರ್ ವಿನ್ಯಾಸ, ರೀಲ್ಸ್ ಸಂಕಲನ, ಹ್ಯಾಶ್‌ಟ್ಯಾಗ್ ಎಲ್ಲವನ್ನೂ ಹೇಳಿಕೊಟ್ಟು, ಊಟ ಮುಗಿಸಿ, ಬ್ಯಾನರ್ ಮುಂದೆ ಗುಂಪು ಫೋಟೊ ತೆಗೆಸಿಕೊಂಡರೆ ಆ ಫೋಟೊವೇ ಇಲಾಖೆಯ ಪುಟದ ಮುಂದಿನ ಪೋಸ್ಟ್ ಆಗುತ್ತದೆ. ಇಂಥ ಕೆಲವು ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಮಾತನಾಡಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ನೌಕರರಿಗೆ ಮೊಬೈಲ್ ಬಳಸಲು ಯಾರೂ ಕಲಿಸಬೇಕಾಗಿಲ್ಲ. ಮಗಳ ಮದುವೆಯ ಆಮಂತ್ರಣದ ವಿಡಿಯೊವನ್ನು ತಾವೇ ಕೂತು ಮಾಡುವಷ್ಟು ಅವರಿಗೆ ಗೊತ್ತಿದೆ. ಕಚೇರಿಯ ಪುಟದಲ್ಲಿ ಜನ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಬರೆದ ಮೇಲೆ ತೊಂದರೆಯಾದರೆ ಬೆನ್ನಿಗೆ ನಿಲ್ಲುತ್ತೇವೆ ಎಂದು ಯಾರೂ ಹೇಳಿಲ್ಲ. ತೊಡಕು ಇರುವುದು ಇಲ್ಲಿ.

ಯಾವುದೇ ಇಲಾಖೆಯ ಫೇಸ್‌ಬುಕ್ ಪುಟವನ್ನು ತೆರೆದು ಪೋಸ್ಟ್ ಬಿಟ್ಟು ಕೆಳಗಿನ ಕಾಮೆಂಟುಗಳನ್ನು ಓದಿ ನೋಡಿ. ಮೇಲೆ ಸಸಿ ನೆಡುವ ಕಾರ್ಯಕ್ರಮದ ಚಿತ್ರವಿದ್ದರೆ ಕೆಳಗೆ, 'ಸಾರ್ ನಮಗೆ ಗೃಹಲಕ್ಷ್ಮಿ ಹಣ ಬಂದಿಲ್ಲ' ಎಂದಿರುತ್ತದೆ. 2023ರ ಆಗಸ್ಟ್ ಕೊನೆಯಲ್ಲಿ ಮೈಸೂರಿನಲ್ಲಿ ಚಾಲನೆಗೊಂಡ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆಯ ಬಗ್ಗೆ ಕೇಳುವವರಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಅರಣ್ಯ ಇಲಾಖೆಗೂ ಇರುವ ವ್ಯತ್ಯಾಸ ಮುಖ್ಯವಲ್ಲ; ಸರ್ಕಾರದ ಹೆಸರು ಎಲ್ಲಿ ಕಂಡರೂ ಅಲ್ಲಿ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಎದೆ ಝಲ್ಲೆನಿಸುವುದು ಅದರ ಮುಂದಿನ ಸಾಲು. ಅದರಲ್ಲಿ ಆಧಾರ್ ಸಂಖ್ಯೆ, ಪಡಿತರ ಚೀಟಿಯ ಸಂಖ್ಯೆ, ಮೊಬೈಲ್ ನಂಬರು ಎಲ್ಲವೂ ಇರುತ್ತವೆ. ಕೆಲವೊಮ್ಮೆ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಕೂಡ ಇರುತ್ತದೆ. ಇಲಾಖೆ ಇದನ್ನು ಅಳಿಸುವುದಿಲ್ಲ, ಎಚ್ಚರಿಸುವುದೂ ಇಲ್ಲ. ಇಲಾಖೆಗಿಂತ ಮೊದಲು ಉತ್ತರ ಕೊಡುವವನು ಯಾವುದೋ ಲಾಂಛನವನ್ನು ಪ್ರೊಫೈಲ್ ಚಿತ್ರವಾಗಿ ಹಾಕಿಕೊಂಡು, 'ಈ ನಂಬರಿಗೆ ಕರೆ ಮಾಡಿ' ಎನ್ನುವ ಮೋಸಗಾರ.

ಆ ಪ್ರಶ್ನೆಗೆ ಉತ್ತರ ಸರ್ಕಾರದ ಬಳಿ ಇಲ್ಲವೇ ಎಂದರೆ, ಖಂಡಿತ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಕೂರುವ ದ್ವಿತೀಯ ದರ್ಜೆ ಸಹಾಯಕರಿಗೆ ಅದು ಬಾಯಿಪಾಠವಾಗಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ನಮೂದು) ಬೇರೆ ಬ್ಯಾಂಕಿಗೆ ಹೋಗಿದೆಯೇ, ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಸರಿ ಇದೆಯೇ, ಮನೆಯವರು ಆದಾಯ ತೆರಿಗೆ ಪಾವತಿದಾರರ ಪಟ್ಟಿಯಲ್ಲಿ ಸೇರಿಹೋಗಿದ್ದಾರೆಯೇ ಎಂದು ಕೌಂಟರಿಗೆ ಬಂದವರಿಗೆ ದಿನಕ್ಕೆ ಹತ್ತಾರು ಬಾರಿ ಹೇಳುವವರು ಅವರೇ. ಅದೇ ನಾಲ್ಕು ಸಾಲುಗಳನ್ನು ಕಾಮೆಂಟಿನಲ್ಲಿ ಬರೆಯಿರಿ ಎಂದರೆ ಮಾತ್ರ ಕೈ ಹಿಂದಕ್ಕೆಳೆಯುತ್ತಾರೆ. ತರಬೇತಿಯೊಂದರಲ್ಲಿ ಒಬ್ಬರು ಇದನ್ನು ನೇರವಾಗಿಯೇ ಹೇಳಿದರು: 'ಸಾರ್, ಕೌಂಟರಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಫೇಸ್‌ಬುಕ್ಕಲ್ಲಿ ಬರೆದದ್ದು ಸ್ಕ್ರೀನ್‌ಶಾಟ್ ಆಗಿ ಸಾಹೇಬರ ಟೇಬಲ್ಲಿಗೆ ಬರುತ್ತೆ. ನೋಟಿಸು ನನಗೇ ಅಲ್ವಾ?'

ಈ ಭಯಕ್ಕೆ ಆಧಾರವಿಲ್ಲ ಎನ್ನಲಾಗದು. ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಸರ್ಕಾರದ ನೀತಿಗಳನ್ನು ಟೀಕಿಸುವುದಕ್ಕೆ ನಿರ್ಬಂಧ ಹಾಕುತ್ತವೆ. ನೌಕರರು ರಾಜಕೀಯ ಮಾತನಾಡಬಾರದು ಎಂಬುದು ಒಪ್ಪತಕ್ಕದ್ದೇ. ಆದರೆ 'ಸರ್ವರ್ ಸಮಸ್ಯೆಯಿಂದ ಈ ವಾರ ಅರ್ಜಿಗಳು ತಡವಾಗುತ್ತಿವೆ' ಎಂಬ ಸರಳ ಸತ್ಯವೂ ಟೀಕೆಯಾಗಿ ಕಾಣಬಹುದೆಂಬ ಅಂಜಿಕೆ ಕಚೇರಿಗಳಲ್ಲಿ ಬೇರೂರಿದೆ. ಇನ್ನೊಂದು ಕಡೆ, ಸರ್ಕಾರಿ ಸಂಸ್ಥೆಗಳು ಸಾಮಾಜಿಕ ಮಾಧ್ಯಮವನ್ನು ಹೇಗೆ ಬಳಸಬೇಕು ಎಂಬ ಮಾರ್ಗಸೂಚಿಯನ್ನು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ 2012ರಲ್ಲೇ ಹೊರಡಿಸಿದೆ. ಖಾತೆಯ ಹೊಣೆ ಯಾರದು, ಪ್ರತಿಕ್ರಿಯೆಗಳನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಗಳು ಅದರಲ್ಲಿ ಚರ್ಚೆಗೆ ಬಂದಿವೆ. ಒಂದು ದಶಕಕ್ಕೂ ಹಿಂದಿನ ಆ ದಾಖಲೆಯನ್ನು ಓದಿದ್ದೇನೆ ಎಂದವರು ನನ್ನ ತರಬೇತಿಗಳಲ್ಲಿ ಒಬ್ಬರೂ ಸಿಕ್ಕಿಲ್ಲ. ನಡತೆ ನಿಯಮಗಳ ವಿಷಯ ಮಾತ್ರ ಎಲ್ಲರಿಗೂ ಗೊತ್ತು.

ಹೀಗಿದ್ದರೂ ಕೆಲವು ಕಡೆ ಈ ಕೆಲಸ ಚೆನ್ನಾಗಿ ನಡೆದಿದೆ, ಏಕೆ ನಡೆಯಿತು ಎಂಬುದನ್ನು ನೋಡಬೇಕು. 2014ರಲ್ಲಿ ಬೆಂಗಳೂರಿನ ಪೊಲೀಸ್ ಆಯುಕ್ತರಾದ ಎಂ.ಎನ್. ರೆಡ್ಡಿ ಅವರು ಟ್ವಿಟರ್‌ನಲ್ಲಿ ಸಾರ್ವಜನಿಕರಿಗೆ ತಾವೇ ಉತ್ತರಿಸತೊಡಗಿದ ಮೇಲೆ ನಗರದ ಪೊಲೀಸರ ಜಾಲತಾಣ ಬಳಕೆಗೆ ಬೇರೆಯೇ ಕಳೆ ಬಂದಿತು. ಜನ ಅದರಲ್ಲಿನ ಹಾಸ್ಯವನ್ನು, ಚುರುಕು ಮಾತನ್ನು ನೆನಪಿಡುತ್ತಾರೆ. ನೆರೆಯ ಕೇರಳ ಪೊಲೀಸರ ಫೇಸ್‌ಬುಕ್ ಪುಟ ಹೆಸರು ಮಾಡಿದ್ದೂ ಮೀಮ್‌ಗಳಿಂದಲೇ. ನನಗೆ ಮುಖ್ಯವಾಗಿ ಕಾಣುವುದು ಹಾಸ್ಯವಲ್ಲ. ಪೊಲೀಸರಿಗೆ ಹಗಲೂ ರಾತ್ರಿ ನಡೆಯುವ ಕಂಟ್ರೋಲ್ ರೂಮ್ ಮೊದಲೇ ಇತ್ತು, ಯಾವ ರಸ್ತೆ ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆ ಎಂಬುದು ಖಚಿತವಾಗಿತ್ತು, ಮೇಲಿನವರು ಹೇಳಿದರೆ ಕೆಳಗಿನವರು ಸ್ಥಳಕ್ಕೆ ಹೋಗುವ ಪದ್ಧತಿಯಿತ್ತು. ಟ್ವಿಟರ್ ಆ ವ್ಯವಸ್ಥೆಗೆ ಸೇರಿಕೊಂಡ ಇನ್ನೊಂದು ವೈರ್‌ಲೆಸ್ ಸೆಟ್ಟಿನಂತೆ ಕೆಲಸ ಮಾಡಿತು. ಇದನ್ನು ನೋಡಿ ಕಂದಾಯ ಇಲಾಖೆಯೂ ಹಾಗೆಯೇ ಮಾಡಲಿ ಎನ್ನುವವರು, ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಅಥವಾ ಪೋಡಿಗೆ (ಜಮೀನನ್ನು ಅಳೆದು ಪಾಲು ಬೇರ್ಪಡಿಸುವುದು) ಜೀಪು ಕಳಿಸಿ ಪರಿಹಾರ ಕೊಡಲಾಗುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಅಲ್ಲಿ ಕಡತ ಎಲ್ಲಿದೆ, ಯಾರ ಲಾಗಿನ್‌ನಲ್ಲಿ ನಿಂತಿದೆ, ಮುಂದಿನ ಹಂತ ಯಾವುದು ಎಂದು ಹೇಳುವುದೇ ಉತ್ತರ, ಅಷ್ಟು ಹೇಳಿದರೂ ಅರ್ಧ ಸಿಟ್ಟು ಇಳಿಯುತ್ತದೆ.

ನಾನು ಕಂಡ ಅತ್ಯುತ್ತಮ ಸಂವಹನ ಯಾವ ಪರಿಶೀಲಿತ ಖಾತೆಯದೂ ಅಲ್ಲ. ನಮ್ಮ ಕಡೆಯ ಒಂದು ಹಳ್ಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲೈನ್‌ಮನ್ ಒಬ್ಬರು ಕಳಿಸುವ ಸಂದೇಶಗಳು ಹೀಗಿರುತ್ತವೆ: 'ಕೆರೆ ಏರಿ ಹತ್ರ ಮರ ಬಿದ್ದು ಲೈನ್ ಕಟ್ ಆಗಿದೆ. ಎಲ್.ಸಿ. ತಗೊಂಡಿದೀವಿ. ಐದು ಗಂಟೆ ಆಗ್ಬಹುದು. ಕರೆಂಟ್ ಬಂದ ತಕ್ಷಣ ಎಲ್ರೂ ಒಟ್ಟಿಗೆ ಮೋಟ್ರು ಹಾಕ್ಬೇಡಿ, ಟಿ.ಸಿ. ಸುಟ್ಟೋಗುತ್ತೆ.' (ಎಲ್.ಸಿ. ಎಂದರೆ ದುರಸ್ತಿಗಾಗಿ ಲೈನ್ ಬಂದ್ ಮಾಡಿಸುವ ಅನುಮತಿ, ಟಿ.ಸಿ. ಎಂದರೆ ಟ್ರಾನ್ಸ್‌ಫಾರ್ಮರ್.) ಕಾರಣ, ಸ್ಥಳ, ಸಮಯ, ಜನ ಮಾಡಬೇಕಾದದ್ದು, ಎಲ್ಲವೂ ನಾಲ್ಕು ಸಾಲಿನಲ್ಲಿವೆ. ಐದು ಗಂಟೆಗೆ ಬಾರದಿದ್ದರೆ, 'ಇನ್ನೊಂದು ಕಂಬ ವಾಲಿದೆ, ಏಳಾಗುತ್ತೆ' ಎಂದು ಮತ್ತೆ ಬರೆಯುತ್ತಾರೆ, ಯಾರೂ ಬೈಯುವುದಿಲ್ಲ. ಅದೇ ಹೊತ್ತಿಗೆ ವಿದ್ಯುತ್ ಕಂಪನಿಯ ಅಧಿಕೃತ ಪುಟದಲ್ಲಿ ದೂರು ಹಾಕಿದವರಿಗೆ, 'ನಿಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ' ಎಂಬ ಅಚ್ಚು ಹಾಕಿದ ಉತ್ತರ ಬಂದಿರುತ್ತದೆ. ಸಂಬಂಧಪಟ್ಟವರು ಆಗಲೇ ಕಂಬದ ಮೇಲಿದ್ದಾರೆ. ತರಬೇತಿಗೆ ಪಠ್ಯ ಬೇಕೆಂದರೆ ಆ ಲೈನ್‌ಮನ್ನರ ಸಂದೇಶಗಳನ್ನೇ ಮುದ್ರಿಸಿ ಹಂಚಬಹುದು.

ಸರ್ಕಾರ ಮಾತನಾಡದಿದ್ದಾಗ ಆ ಜಾಗ ಖಾಲಿ ಉಳಿಯುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಅದೇ ವದಂತಿ ಒಬ್ಬರನ್ನು ಬಲಿ ಪಡೆದಿತ್ತು. ಒಂದು ಪೋಸ್ಟ್ ಹಾಕಿದ್ದರೆ ಈ ಸಾವುಗಳು ತಪ್ಪುತ್ತಿದ್ದವು ಎಂದು ನಾನು ಹೇಳಲಾರೆ. ಆದರೆ ಊರಿನ ಗುಂಪಿನಲ್ಲಿ ಬೀಟ್ ಕಾನ್‌ಸ್ಟೆಬಲ್ ಒಬ್ಬರು ಮೊದಲಿನಿಂದಲೂ ನಂಬಿಕೆಯ ದನಿಯಾಗಿದ್ದರೆ, 'ಇದು ಸುಳ್ಳು' ಎಂದು ಅವರು ಹೇಳುವ ಮಾತಿಗೆ ಒಂದು ತೂಕವಿರುತ್ತದೆ. ಅನಾಹುತದ ದಿನ ಹೊಸದಾಗಿ ಪುಟ ತೆರೆದು ಆ ತೂಕವನ್ನು ಸಂಪಾದಿಸಲಾಗುವುದಿಲ್ಲ. ಇದೇ ಸಮಸ್ಯೆಯ ಇಷ್ಟು ಭೀಕರವಲ್ಲದ, ದಿನನಿತ್ಯದ ರೂಪ ಯೂಟ್ಯೂಬಿನಲ್ಲಿದೆ. ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾ ಕಡ್ಡಾಯವಾದಾಗ ಅದನ್ನು ಜನರಿಗೆ ಅರ್ಥವಾಗುವಂತೆ ಹಂತ ಹಂತವಾಗಿ ತೋರಿಸಿದವರಲ್ಲಿ ಖಾಸಗಿ ಯೂಟ್ಯೂಬರುಗಳೇ ಮುಂದಿದ್ದರು. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಕೆಂಪು ಬಾಣದ ಗುರುತು ಹಾಕಿ, 'ಈ ಜಿಲ್ಲೆಯವರಿಗೆ ಮಾತ್ರ ಹಣ ಬಿಡುಗಡೆ' ಎಂದು ದಿನಕ್ಕೊಂದು ಸುಳ್ಳು ಹೇಳುವವರೂ ಇದ್ದಾರೆ.

ಇನ್ನು ಬರಹದ ವಿಚಾರ. ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಣ್ಣ ತೊಡಕು ಇಲ್ಲಿದೆ. ಎಷ್ಟೋ ಕಚೇರಿಗಳಲ್ಲಿ ಸುತ್ತೋಲೆಗಳನ್ನು ಇಂದಿಗೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡುತ್ತಾರೆ. ಅದು ಎಲ್ಲ ಸಾಧನಗಳೂ ಗುರುತಿಸುವ ಯುನಿಕೋಡ್ ಅಲ್ಲದ ಕಾರಣ ನಕಲಿಸಿ ಫೇಸ್‌ಬುಕ್ಕಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಕಂಸ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಮತ್ತೊಮ್ಮೆ ಬೆರಳಚ್ಚು ಮಾಡಲು ಯಾರಿಗೂ ಪುರುಸೊತ್ತಿಲ್ಲ, ಹಾಗಾಗಿ ಸುತ್ತೋಲೆಯ ಫೋಟೊ ತೆಗೆದು ಹಾಕುತ್ತಾರೆ. ಮೊಹರು, ಹಸಿರು ಶಾಯಿಯ ಸಹಿ, ಹಾಳೆಯ ಮೇಲೆ ಬಿದ್ದ ಟ್ಯೂಬ್‌ಲೈಟಿನ ಹೊಳಪು ಎಲ್ಲ ಅದರಲ್ಲಿ ಇರುತ್ತವೆ, ಕೊನೆಯ ದಿನಾಂಕ ಮಾತ್ರ ಓದಲು ಬರುವುದಿಲ್ಲ. ಆ ಚಿತ್ರವನ್ನು ಗೂಗಲ್‌ನಲ್ಲಿ ಹುಡುಕಲಾಗದು, ಅಂಧರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದಲಾರದು. ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಿಸುವುದಕ್ಕೆ ಸಲಹೆಗಾರರ ಅಗತ್ಯವಿಲ್ಲ, ಬಜೆಟ್ಟೂ ಬೇಡ. ಕಚೇರಿಯ ಮುಖ್ಯಸ್ಥರು ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು.

ಪುಟ ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕೆಲವು ಇಲಾಖೆಗಳು ಇಡೀ ಕೆಲಸವನ್ನು ಏಜೆನ್ಸಿಗಳಿಗೆ ಹೊರಗುತ್ತಿಗೆ ಕೊಟ್ಟಿವೆ. ಅಲ್ಲಿ ಕೂತ ಹುಡುಗರು ಚಂದದ ಪೋಸ್ಟರ್ ಮಾಡುತ್ತಾರೆ, ಜಯಂತಿಗಳಿಗೆ ತಪ್ಪದೆ ಶುಭಾಶಯ ಕೋರುತ್ತಾರೆ, ಆದರೆ ಪಹಣಿಯ ಹನ್ನೊಂದನೇ ಕಾಲಂ ಬಗ್ಗೆ ಕೇಳಿದರೆ ಅವರೇನು ಹೇಳಬೇಕು? ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿ ಕಥೆ ಇನ್ನೊಂದು ತೆರ. ಉತ್ಸಾಹದ ಅಧಿಕಾರಿಯೊಬ್ಬರು ತಮ್ಮದೇ ಮೊಬೈಲ್ ನಂಬರಿನಿಂದ ಪುಟ ತೆರೆಯುತ್ತಾರೆ, ಒಂದು ವರ್ಷ ಅದು ಜೀವಂತವಾಗಿರುತ್ತದೆ, ನಂತರ ಅವರಿಗೆ ವರ್ಗಾವಣೆಯಾಗುತ್ತದೆ. ಒಟಿಪಿ ಅವರ ಫೋನಿಗೇ ಹೋಗುತ್ತಿರುವುದರಿಂದ ಹೊಸಬರು ಹೊಸ ಪುಟ ತೆರೆಯುತ್ತಾರೆ, ಹಳೆಯ ಪುಟದಲ್ಲಿ ಜನ ದೂರು ಬರೆಯುತ್ತಲೇ ಇರುತ್ತಾರೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ನಗದು ಪುಸ್ತಕ, ಮೊಹರುಗಳ ಜೊತೆ ಪಾಸ್‌ವರ್ಡೂ ಸೇರಿದ ದಿನ ಈ ಗೋಳು ತಪ್ಪೀತು.

ಇಷ್ಟೆಲ್ಲ ಹೇಳುವಾಗ ಕೆಳಹಂತದ ನೌಕರರ ಹೆಗಲ ಮೇಲೆ ಇನ್ನೊಂದು ಹೊರೆ ಹೇರುವುದು ನನ್ನ ಉದ್ದೇಶವಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದಕ್ಕೆ ಒಂದು ಮುಖ್ಯ ಕಾರಣವೇ ಸರಿಯಾದ ಸಲಕರಣೆ ಕೊಡದೆ ಹತ್ತಾರು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಿದ್ದಾರೆ ಎಂಬುದು. ಅಂಥವರಿಗೆ ರಾತ್ರಿ ಹತ್ತರ ನಂತರ ಬರುವ ಕಾಮೆಂಟಿಗೂ ಉತ್ತರಿಸಿ ಎಂದರೆ ಅದು ಅನ್ಯಾಯ. ಉತ್ತರಿಸುವ ಹೊತ್ತನ್ನು ಕಚೇರಿ ವೇಳೆಗೆ ಸೀಮಿತಗೊಳಿಸಿ ಪುಟದ ಮೇಲೆಯೇ ಬರೆದು ಹಾಕಲಿ. ತುರ್ತಿಗೆ 112 ಇದೆ, ವಿದ್ಯುತ್ತಿಗೆ 1912 ಇದೆ.

ನಾನು ಕೇಳುವುದು ಲಿಖಿತ ಆದೇಶವೊಂದನ್ನು. ನಿಯಮ, ದಾಖಲೆ, ಅರ್ಜಿಯ ಹಂತ, ವಿಳಂಬದ ಕಾರಣ ಇವುಗಳ ಬಗ್ಗೆ ಆ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರೇ ಮೇಲಿನವರ ಅನುಮತಿಗೆ ಕಾಯದೆ ಉತ್ತರಿಸಬಹುದು, ಸದುದ್ದೇಶದಿಂದ ಕೊಟ್ಟ ಉತ್ತರದಲ್ಲಿ ತಪ್ಪಾದರೆ ತಿದ್ದುಪಡಿ ಹಾಕಿದರೆ ಸಾಕು, ಶಿಸ್ತು ಕ್ರಮವಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಬೇಕು. ನೀತಿಯ ಪ್ರಶ್ನೆ, ನ್ಯಾಯಾಲಯದಲ್ಲಿರುವ ವಿಷಯ, ಯಾರದೇ ಖಾಸಗಿ ವಿವರ ಇವು ಆ ಅಧಿಕಾರದ ಹೊರಗಿರಲಿ. ಆಮೇಲೆ ತರಬೇತಿಯನ್ನು ಬೇಕಾದರೆ ಅರ್ಧ ದಿನ ಇಡಿ, ಅದರಲ್ಲಿ ಆ ಕಚೇರಿಯ ಪುಟಕ್ಕೆ ನಿಜವಾಗಿ ಬಂದ ಕಾಮೆಂಟುಗಳನ್ನೇ ಮುಂದಿಟ್ಟು ಉತ್ತರ ಬರೆಸಿ.

ಇದಕ್ಕೆ ಬರುವ ಗಟ್ಟಿ ಆಕ್ಷೇಪಣೆ ಒಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಟ್ವಿಟರ್‌ನಲ್ಲಿ, ಅಂದರೆ ಈಗಿನ ಎಕ್ಸ್‌ನಲ್ಲಿ, ಮಂತ್ರಿಗಳನ್ನು ಟ್ಯಾಗ್ ಮಾಡಿದವರ ರಸ್ತೆಗುಂಡಿ ಎರಡು ದಿನದಲ್ಲಿ ಮುಚ್ಚುತ್ತದೆ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತ ಅಜ್ಜಿಯ ವೃದ್ಧಾಪ್ಯ ವೇತನದ ಅರ್ಜಿ ಕೂತಲ್ಲೇ ಕೂತಿರುತ್ತದೆ. ಜಾಲತಾಣದ ಚುರುಕುತನ ಹೆಚ್ಚಿದಷ್ಟೂ ಈ ತಾರತಮ್ಯ ಹೆಚ್ಚಬಹುದು. ಸ್ಮಾರ್ಟ್‌ಫೋನ್, ಭಾಷೆ, ಧೈರ್ಯ ಮೂರೂ ಇದ್ದವರಿಗೆ ಬೇರೆಯ ಸರದಿ ಸಾಲು ಮಾಡಿಕೊಡುವುದು ಸರ್ಕಾರದ ಕೆಲಸವಲ್ಲ. ಇದಕ್ಕೆ ನಮ್ಮಲ್ಲೇ ಸಾಧನಗಳಿವೆ. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಸಕಾಲ ಕಾಯ್ದೆ ತನ್ನ ವ್ಯಾಪ್ತಿಯ ಪ್ರತಿ ಅರ್ಜಿಗೂ ಸಂಖ್ಯೆ ಮತ್ತು ಗಡುವು ಕೊಡುತ್ತದೆ. 1902ಕ್ಕೆ ಕರೆ ಮಾಡಿದರೆ ಜನಸ್ಪಂದನದಲ್ಲಿ ದೂರು ದಾಖಲಾಗುತ್ತದೆ. ಪುಟದಲ್ಲಿ ಬಂದ ದೂರನ್ನೂ ಅದೇ ವ್ಯವಸ್ಥೆಯೊಳಗೆ ಸೇರಿಸಿ, ಅದೇ ಸರಣಿಯ ಸಂಖ್ಯೆ ಕೊಟ್ಟು, ಅದೇ ಗಡುವಿಗೆ ಒಳಪಡಿಸಬೇಕು. ಟ್ಯಾಗ್ ಮಾಡಿದವರಿಗೆ ಸಿಗಬೇಕಾದದ್ದು ಬೇಗನೆ ಒಂದು ಉತ್ತರ. ಕೆಲಸ ಆಗಬೇಕಾದದ್ದು ಅರ್ಜಿಯ ಸರದಿಯಲ್ಲಿ. ಆ ಸರದಿ ಎಷ್ಟರಲ್ಲಿದೆ ಎಂಬುದನ್ನು ಪುಟದಲ್ಲಿ ವಾರಕ್ಕೊಮ್ಮೆ ಹಾಕಿ, ಅದರ ಮುದ್ರಿತ ಪ್ರತಿಯನ್ನು ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸಲಿ.