ಸತ್ಯಾಂಶ: ಹಣೆಗೆ ಹಿಡಿಯುವ ಥರ್ಮಾಮೀಟರ್‌ನಿಂದ ಮಿದುಳಿಗೆ ಹಾನಿಯಿಲ್ಲ

2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಮೈಸೂರಿನ ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ಮೊದಲು ಜ್ವರ ನೋಡುತ್ತಿದ್ದರು. ನನ್ನ ಮುಂದಿದ್ದ ಅಜ್ಜಿ ಸೆರಗನ್ನು ಹಣೆ ಮೇಲೆ ಎಳೆದುಕೊಂಡು, ಬಳೆ ಹಿಂದಕ್ಕೆ ಸರಿಸಿ ಮುಂಗೈ ಚಾಚಿದರು. "ಹಣೆಗೆ ಬ್ಯಾಡ ಕನಪ್ಪ, ಮಿದುಳಿಗೆ ಏಟಾಯ್ತದಂತೆ. ಮೊಮ್ಮಗನ ಮೊಬೈಲಿಗೆ ಬಂದಿತ್ತು" ಅಂದರು.

ಆ ಮೆಸೇಜು ಸುಳ್ಳು. ಮೈ ಬಿಸಿ ಅಳೆಯಲು ಆ ಗನ್ ಥರದ ಥರ್ಮಾಮೀಟರ್ ನಮ್ಮ ಮೇಲೆ ಯಾವ ಕಿರಣವನ್ನೂ ಬಿಡುವುದಿಲ್ಲ. ನಮ್ಮ ಮೈಯೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಸೂಸುತ್ತಿರುತ್ತದೆ. ಒಲೆ ಮುಂದೆ ಕೂತರೆ ಮುಟ್ಟದೆಯೇ ಮುಖಕ್ಕೆ ಕಾವು ತಟ್ಟುತ್ತದೆ ಅಲ್ವಾ, ಅದೂ ಇದೇ ಥರದ್ದು. ಹಣೆಯಿಂದ ಬರುವ ಕಿರಣವನ್ನು ಗನ್ನಿನ ಸೆನ್ಸರ್ ಹಿಡಿದು ಅಂಕಿ ತೋರಿಸುತ್ತದೆ, ಅಷ್ಟೇ. ಕೆಲವು ಗನ್‌ಗಳಲ್ಲಿ ಕಾಣುವ ಕೆಂಪು ಚುಕ್ಕೆ ಗುರಿ ಹಿಡಿಯಲು ಮಾತ್ರ. ಅದು ಕಣ್ಣಿಗೆ ಬೀಳದಿದ್ದರೆ ಸಾಕು.

ಕೈ ಚಾಚುವುದರಿಂದಲೇ ತೊಂದರೆ. ಮುಂಗೈ ಸಾಮಾನ್ಯವಾಗಿ ಹಣೆಗಿಂತ ತಣ್ಣಗಿರುತ್ತದೆ. ಜ್ವರವಿದ್ದರೂ ಗೊತ್ತಾಗದೆ ಹೋಗಬಹುದು. ಬಿಸಿಲಲ್ಲಿ ಬಂದಿದ್ದರೆ ಅಂಕಿ ಜಾಸ್ತಿ ಬರುತ್ತದೆ. ಬೆವರು ಒರೆಸಿ, ಸ್ವಲ್ಪ ಹೊತ್ತು ನೆರಳಲ್ಲಿ ನಿಂತು ಹಣೆ ತೋರಿಸಿ.

ಕೋವಿಡ್ ಹರಡುತ್ತಿರುವಾಗ ಅಂಕಿ ಸರಿ ಬಂತು ಅಂತ ಮಾಸ್ಕ್ ತೆಗೆಯುವುದು ಇನ್ನೂ ದೊಡ್ಡ ತಪ್ಪು, ಇದನ್ನು ಒತ್ತಿ ಹೇಳುತ್ತೇನೆ. ಕೋವಿಡ್ ತಗುಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗಬಹುದು. ಕೆಲವರಿಗೆ ಜ್ವರವೇ ಬರುವುದಿಲ್ಲ, ಆದರೂ ಅವರಿಂದ ಬೇರೆಯವರಿಗೆ ಹರಡುತ್ತದೆ. ಮಂಡ್ಯಕ್ಕೇ ಹೊರಟಿದ್ದರೂ ಮಾಸ್ಕ್ ಮೂಗು ಮುಚ್ಚಿರಲಿ, ಬಸ್ಸಿನ ಕಿಟಕಿ ತೆರೆದಿರಲಿ. ಕೆಮ್ಮು, ಗಂಟಲು ನೋವಿದ್ದರೆ ಪ್ರಯಾಣವನ್ನೇ ಮುಂದೆ ಹಾಕಿ.