ಟೈರು ಕುಡಿಯುವ ಡೀಸೆಲ್

ಇಂದು ಬೆಳಿಗ್ಗೆ ಕೋಲಾರದ ಒಂದು ಟೈರ್ ಅಂಗಡಿಯಲ್ಲಿ ಅಣ್ಣನ ಮಗನ ಪಕ್ಕದಲ್ಲಿ ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆ ಮುಕ್ಕಾಲು ಗಂಟೆಯ ಮಾತನ್ನೆಲ್ಲ ಇಲ್ಲಿ ಇಳಿಸದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬಟನ್ (ನೆಲ ಹಿಡಿಯುವ ಉಬ್ಬು ರಬ್ಬರು) ಉಳಿದಿದ್ದ ನಾಲ್ಕು ಟೈರುಗಳನ್ನು ಅವನು ತನ್ನ ಪಿಕಪ್ಪಿನಿಂದ ಬಿಚ್ಚಿಸಿ ಗೋಡೆಗೆ ಒರಗಿಸಿದ. ಅವುಗಳ ಜಾಗಕ್ಕೆ ಅಗಲದಲ್ಲೂ ಎತ್ತರದಲ್ಲೂ ದೊಡ್ಡದಾದ, ಕೆಸರುಗದ್ದೆಗೆಂದೇ ಮಾಡಿದಂತಿರುವ ದಪ್ಪ ಬಟನ್ ಟೈರುಗಳನ್ನು ಹಾಕಿಸಿದ. ಅಂಗಡಿಯವರು ಬೆಲೆ ಹೇಳಿದರು, ವಾರಂಟಿ ಹೇಳಿದರು, "ಈಗ ನೋಡಿ, ಗಾಡಿಗೆ ಗತ್ತು ಬಂತು" ಎಂದೂ ಹೇಳಿದರು. ಮೈಲೇಜ್ ಎಷ್ಟು ಇಳಿಯುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ 2 ರೂಪಾಯಿ ಹೆಚ್ಚಾದಾಗ ನಮ್ಮ ಜಗಲಿಯ ಮೇಲೆ ಕುಳಿತು ಇಡೀ ಸಂಜೆ ಸರ್ಕಾರವನ್ನು ಬೈದವನು ಇದೇ ಹುಡುಗ. ಇಂದು ಅದಕ್ಕಿಂತ ಹೆಚ್ಚಿನ ತೆರಿಗೆಯನ್ನು ತನಗೆ ತಾನೇ, ಅದೂ ಕೈಯಿಂದ ದುಡ್ಡು ಕೊಟ್ಟು, ವಿಧಿಸಿಕೊಂಡು ಬಂದಿದ್ದಾನೆ.

ಇದು ನನಗೆ ಹೇಗೆ ಗೊತ್ತೆಂದರೆ, ಈ ಪೆದ್ದುತನವನ್ನು ಅವನಿಗಿಂತ ಮೊದಲು ಮಾಡಿದವನು ನಾನು. ನನ್ನ ಪಿಕಪ್ಪಿನ ಮೂಲ ಟೈರು 215/75 ಆರ್ 15 ಅಳತೆಯದು; ಅಂದರೆ ಅಗಲ 215 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇಕಡ 75, ಒಳಗಿನ ರಿಮ್ಮು 15 ಇಂಚು. ಯಾರದೋ ಗಾಡಿ ನೋಡಿ ಮರುಳಾಗಿ 235/75ರ ಬಟನ್ ಟೈರು ಹಾಕಿಸಿದೆ. ಟೊಮೆಟೊ ಕ್ರೇಟು ಹೇರಿಕೊಂಡು ಬೆಂಗಳೂರಿಗೆ ಹೋಗಿ ಬರುವಾಗ ಲೀಟರಿಗೆ 13.5 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 11.9ಕ್ಕೆ ಬಂದು ನಿಂತಿತು. ನಾನು ಟೈರನ್ನು ಅನುಮಾನಿಸಿದೆನೇ? ಇಲ್ಲ. ಬಂಕಿನವನು ಕಲಬೆರಕೆ ಮಾಡುತ್ತಾನೆಂದು ಬಂಕು ಬದಲಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಬಿಚ್ಚಿಸಿ ಶುಚಿ ಮಾಡಿಸಿದೆ. ಎರಡು ವರ್ಷ ಆ ಬಂಕಿನ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸಿಕೊಂಡು ಹೋದೆ. ಆ ಮನುಷ್ಯ ಇಂದಿಗೂ ನನ್ನನ್ನು ಕಂಡರೆ ನಮಸ್ಕರಿಸುತ್ತಾನೆ, ನನಗೆ ನಾಚಿಕೆಯಾಗುತ್ತದೆ.

ಇಲ್ಲಿ ಟೈರಿನ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಇಳಿಕೆಯಲ್ಲಿ ಒಂದು ಪಾಲು ನಿಜವಾದುದಲ್ಲ. ಚಕ್ರ ದೊಡ್ಡದಾದಾಗ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಸಾಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕವನ್ನೇ ಎಣಿಸುತ್ತಿರುತ್ತದೆ. ಹಳೆಯ ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್, ಹೊಸದರದು 733; ಅಂದರೆ ಶೇಕಡ 4ಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಮೊದಲು 70 ಕಿಲೋಮೀಟರ್ ತೋರುತ್ತಿದ್ದ ದಾರಿಯನ್ನು ನನ್ನ ಮೀಟರು 67 ಎಂದು ತೋರಿಸತೊಡಗಿದ್ದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಅದನ್ನು ಸರಿಪಡಿಸಿ ಲೆಕ್ಕ ಹಾಕಿದರೆ ನಿಜವಾದ ಮೈಲೇಜ್ 12.4. ಹಾಗಿದ್ದರೂ ಲೀಟರಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ನಷ್ಟ. ತಿಂಗಳಿಗೆ 3000 ಕಿಲೋಮೀಟರ್ ಓಡುವ ಗಾಡಿಗೆ ಇದು ಸುಮಾರು 20 ಲೀಟರ್ ಡೀಸೆಲ್. ದರ 90 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ 98 ಕೊಟ್ಟು ಹಾಕಿಸಿದಂತೆ. ಸರ್ಕಾರದ 2 ರೂಪಾಯಿಗೆ ಜಗಲಿ ನಡುಗಿಸಿದವನು ಈ 8 ರೂಪಾಯಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾನೆ.

ಕಾರಣ ಗೂಢವಾದುದೇನಲ್ಲ. ಗಾಡಿಯ ಭಾರಕ್ಕೆ ಟೈರು ನೆಲ ಮುಟ್ಟುವ ಕಡೆ ಚಪ್ಪಟೆಯಾಗುತ್ತದೆ, ನೆಲ ಬಿಟ್ಟೊಡನೆ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿನಲ್ಲೂ ರಬ್ಬರು ಹೀಗೆ ನಾದಿಸಿಕೊಳ್ಳುತ್ತದೆ, ಮತ್ತು ನಾದಲು ಹೋದ ಶಕ್ತಿಯೆಲ್ಲ ಹಿಂದಿರುಗಿ ಬರುವುದಿಲ್ಲ, ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಐದು ಜನರ ಮುದ್ದೆ ತಿರುವುವುದಕ್ಕೂ ಹದಿನೈದು ಜನರ ಮುದ್ದೆ ತಿರುವುವುದಕ್ಕೂ ತೋಳಿಗೆ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬಟನ್ ದಪ್ಪವಾದಷ್ಟೂ, ರಬ್ಬರು ಹೆಚ್ಚಾದಷ್ಟೂ ಇಂಜಿನ್ನು ಆ ದೊಡ್ಡ ಮುದ್ದೆಯನ್ನೇ ತಿರುವುತ್ತಿರುತ್ತದೆ. ಇದರ ಮೇಲೆ ಚಕ್ರದ ತೂಕ ಹೆಚ್ಚಿದ್ದರೆ ಹೊಸಕೋಟೆಯಿಂದಾಚೆಗಿನ ಟ್ರಾಫಿಕ್ಕಿನಲ್ಲಿ ನಿಂತು ಹೊರಡುವಾಗಲೆಲ್ಲ ಅದನ್ನು ಹೊಸದಾಗಿ ತಿರುಗಿಸಬೇಕು. ಗಾಳಿ ಕಡಿಮೆಯಿದ್ದರಂತೂ ಕೇಳಬೇಡಿ. ಮೆತ್ತಗೆ ಹೋಗಲೆಂದು ಗಾಳಿ ಇಳಿಸಿ ಓಡಿಸುವ ಮಹಾಶಯರು ನಮ್ಮ ಮಂಡಿಯಲ್ಲೇ ಹತ್ತಾರು ಜನ ಇದ್ದಾರೆ, ಅವರಿಗೂ ಬಂಕಿನವನೇ ಕಳ್ಳ.

"ಚಿಕ್ಕಪ್ಪ, ಮಳೆ ಬಂದರೆ ತೋಟದಲ್ಲಿ ಗಾಡಿ ಹೂತುಕೊಳ್ಳುವುದಿಲ್ಲವೇ?" ಎಂದು ಅವನು ಕೇಳಿದ. ಮೂಡಿಗೆರೆಯ ತೋಟದ ದಾರಿಯಲ್ಲಿ ಜುಲೈ ತಿಂಗಳಲ್ಲಿ ಗಾಡಿ ಓಡಿಸುವವರು ಈ ಮಾತು ಹೇಳಿದರೆ ನಾನು ಕೈ ಮುಗಿದು ಸುಮ್ಮನಾಗುತ್ತೇನೆ, ಅವರಿಗೆ ಬಟನ್ ಟೈರು ಬೇಕೇ ಬೇಕು. ಆದರೆ ಮಳೆಗಾಗಿ ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಳ್ಳುವ ಕೋಲಾರದಲ್ಲಿ, ಡಾಂಬರು ರಸ್ತೆಯಿಂದ ಇನ್ನೂರು ಮೀಟರ್ ಒಳಗಿರುವ ತೋಟಕ್ಕೆ, ವರ್ಷಕ್ಕೆ ಹತ್ತು ದಿನದ ಕೆಸರಿಗಾಗಿ, ಉಳಿದ ಮುನ್ನೂರೈವತ್ತೈದು ದಿನ ಹೆದ್ದಾರಿಯಲ್ಲಿ ಬುಸುಗುಡುವ ಟೈರನ್ನು ಸಾಕುವುದೇ? ಆ ಹತ್ತು ದಿನ ಪಕ್ಕದ ತೋಟದವರ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಒಂದು ಕಾಫಿ ಕುಡಿಸಿದರೆ ಮುಗಿಯಿತು.

ಕಾಲನ್ನು ಹಿಡಿತದಲ್ಲಿಟ್ಟು ಓಡಿಸಿದರೆ ಯಾವ ಟೈರಾದರೇನು ಎನ್ನುವವರೂ ಇದ್ದಾರೆ. ಹೌದು, ಆಕ್ಸಿಲರೇಟರ್ ಮೇಲಿನ ಕಾಲು ದೊಡ್ಡ ವಿಷಯವೇ. ಆದರೆ ಈ ದಪ್ಪ ಟೈರು ಹಾಕಿಸುವವರ ಕಾಲು ಎಂದಾದರೂ ಹಿಡಿತದಲ್ಲಿದ್ದದ್ದನ್ನು ನಾನು ಕಂಡಿಲ್ಲ.

ನನಗೆ ಹೆಚ್ಚು ಸಿಟ್ಟು ಬರುವುದು ಹುಡುಗರ ಮೇಲಲ್ಲ, ಅಂಗಡಿಯ ಆ ಮೌನದ ಮೇಲೆ. ಉರುಳುವಾಗ ಟೈರು ಒಡ್ಡುವ ತಡೆಯನ್ನು ಅಳೆಯಬಹುದು, ಅಳೆಯುತ್ತಾರೆ. ಯುರೋಪಿನಲ್ಲಿ 2012ರಿಂದ ಟೈರಿಗೆ ಅದನ್ನು ತೋರಿಸುವ ಲೇಬಲ್ ಇದೆ. ನಮ್ಮಲ್ಲೂ ಎಐಎಸ್ 142 ಎಂಬ ಮಾನದಂಡವಿದೆ, 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಿಸಿತು. ಒದ್ದೆ ರಸ್ತೆಯ ಹಿಡಿತವೂ ಸದ್ದೂ ಅದರೊಳಗೇ ಬರುತ್ತವೆ. ಫ್ರಿಜ್ಜಿಗೆ ನಕ್ಷತ್ರ ಅಂಟಿಸುವ ಸಂಸ್ಥೆಯೇ ಟೈರಿಗೂ ನಕ್ಷತ್ರಗಳನ್ನು ರೂಪಿಸಿದೆ. ಇಂದು ಅಂಗಡಿಯಲ್ಲಿ "ಇದಕ್ಕೆ ಎಷ್ಟು ನಕ್ಷತ್ರ?" ಎಂದು ನಾನು ಕೇಳಿದ್ದು ನಿಜ, ಬಾಯಿ ಬಿಟ್ಟದ್ದು ಅದೊಂದೇ ಸಲ. ಅವರು ನನ್ನನ್ನು ಜಾತಕ ಕೇಳಲು ಬಂದವನಂತೆ ನೋಡಿದರು.

ಕೊನೆಗೆ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಗೋಡೆಗೆ ಒರಗಿದ್ದ ಆ ನಾಲ್ಕು ಹಳೆಯ ಟೈರುಗಳ ಪಕ್ಕದಲ್ಲಿ ಬಗ್ಗಿ ತಯಾರಿಕೆಯ ಅಂಕಿ ಓದಿದೆ: 2223, ಅಂದರೆ 2023ರ 22ನೇ ವಾರ. ಅಳತೆ ನನ್ನ ಗಾಡಿಯದೇ. ಮೇಲಾಗಿ, ಸ್ವಲ್ಪ ಸವೆದ ಟೈರು ಹೊಸದಕ್ಕಿಂತ ಹಗುರವಾಗಿ ಉರುಳುತ್ತದೆ. ಅಂಗಡಿಯವರು ಹೇಳಿದ್ದ ಹಳೇ ಮಾಲಿನ ಬೆಲೆಯನ್ನೇ ಹುಡುಗನ ಕೈಗೆ ಕೊಟ್ಟೆ. "ನಿಮಗೆ ಇದೆಲ್ಲ ಯಾಕೆ ಚಿಕ್ಕಪ್ಪ, ನೀವೂ ದಪ್ಪದ್ದೇ ಹಾಕಿಸಿ" ಎಂದು ನಗುತ್ತಾ ನಾಲ್ಕನ್ನೂ ಅವನೇ ಎತ್ತಿ ನನ್ನ ಗಾಡಿಯ ಹಿಂದೆ ಹಾಕಿದ.