ಮನೆ ಮುಂದಿನ ಕಾಂಕ್ರೀಟ್ ದಾರಿ ಮತ್ತು ನನ್ನ ತೇಪೆ ಪುರಾಣ

ರಸ್ತೆಯಿಂದ ನಮ್ಮ ಮನೆ ಬಾಗಿಲವರೆಗೆ 4 ಅಡಿ ಅಗಲದ ಒಂದು ಕಾಂಕ್ರೀಟ್ ದಾರಿ ಇದೆ. ಒಟ್ಟು ಒಂಬತ್ತು ತುಂಡು. ಅದರಲ್ಲಿ ಒಂದು ಕುಸಿದು, ಪಕ್ಕದ್ದಕ್ಕಿಂತ ಮುಕ್ಕಾಲು ಇಂಚು ಕೆಳಗೆ ಹೋಗಿತ್ತು. ಮುಕ್ಕಾಲು ಇಂಚು ಏನು ಮಹಾ ಅನಿಸಬಹುದು. ಆದರೆ ಎಡವಲು ಅಷ್ಟೆಲ್ಲ ಬೇಕಿಲ್ಲ, ಕಾಲಿಂಚು ಏರುಪೇರಿದ್ದರೂ ವಯಸ್ಸಾದವರ ಕಾಲು ತಗಲುತ್ತದೆ.

ನಾನು ಕರ್ನಾಟಕ ಬಿಟ್ಟು ಹಿಮ ಬೀಳುವ ಈ ಕಡೆಗೆ ಬಂದು ಬಹಳ ವರ್ಷವಾಯಿತು. ಗಾರೆ ಕೆಲಸದ ವಿಷಯದಲ್ಲಿ ಮಾತ್ರ ತಲೆ ಇನ್ನೂ ಅಲ್ಲೇ ಇದೆ. ಹಾಗಾಗಿ ಮೊದಲು ಮಾಡಿದ್ದು ತೇಪೆ. ಕಲಸಿ ಹಚ್ಚುವ ಸಿಮೆಂಟಿನ ಒಂದು ಚೀಲ ತಂದೆ, ನೆಲ ಗುಡಿಸಿದೆ, ಒಂದಿಷ್ಟು ನೀರು ಚಿಮುಕಿಸಿದೆ, ಕರಣೆಯಲ್ಲಿ ಎಳೆದು ನಯ ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು, ಫೋಟೊ ತೆಗೆದು ಅಪ್ಪನಿಗೂ ಕಳಿಸಿದ್ದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಎದ್ದು ಬಂತು. ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದೆ. ಅಡಿ ಪೂರ್ತಿ ನಯ. ಅದಕ್ಕೆ ಹಳೆಯ ಬೂದು ಧೂಳು ಮತ್ತು ಪಾಚಿಯ ಹಸಿರು ಮೆತ್ತಿಕೊಂಡಿತ್ತು. ನನ್ನ ಗಾರೆ ಗಟ್ಟಿಯಾಗಿ ಹಿಡಿದುಕೊಂಡಿದ್ದು ಧೂಳನ್ನು! ಹಳೆ ಮೈಯನ್ನು ಉಳಿಯಿಂದ ಕಚ್ಚು ಹಾಕಿ ಒರಟು ಮಾಡಬೇಕಿತ್ತು, ತೊಳೆಯಬೇಕಿತ್ತು, ಒಳಗೆಲ್ಲ ನೀರು ಕುಡಿಸಿ ಮೇಲೆ ಮಾತ್ರ ನೀರು ನಿಲ್ಲದ ಹಾಗೆ ನೋಡಿಕೊಂಡು, ಸಿಮೆಂಟ್ ಹಾಲು (ನೀರಲ್ಲಿ ತೆಳುವಾಗಿ ಕಲಸಿದ ಸಿಮೆಂಟು) ಉಜ್ಜಿ, ಅದು ಹಸಿಯಿದ್ದಾಗಲೇ ಹಚ್ಚಬೇಕಿತ್ತು. ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ, ಸೋಮಾರಿತನ.

ಇಲ್ಲಿಯವರ ರೀತಿ ಪೂರ್ತಿ ಉಲ್ಟಾ. ನೋಡಲು ಬಂದ ಕಾಂಟ್ರಾಕ್ಟರ್ ಐದೇ ನಿಮಿಷದಲ್ಲಿ, ಇಡೀ ದಾರಿ ಒಡೆದು ಹೊಸದು ಹಾಕೋಣ ಅಂದ. ಉಳಿದ ಎಂಟು ಗಟ್ಟಿಯಾಗಿವೆಯಲ್ಲ ಅಂದೆ. ಹೊಸದರ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ ಅಂದ. ಬಣ್ಣಕ್ಕೋಸ್ಕರ ಗಟ್ಟಿ ಕಾಂಕ್ರೀಟ್ ಒಡೆಯುವುದಾ? ನನಗೆ ಕರುಳು ಚುರ್ ಅಂತು.

ನನ್ನ ತಕರಾರು ಇಷ್ಟೇ. ಮೇಲೆ ಬಳಿಯಲು ಹೊರಟ ನಾನೂ, ಎಲ್ಲ ಒಡೆಯಲು ಹೊರಟ ಅವನೂ, ಅದೊಂದೇ ತುಂಡು ಯಾಕೆ ಕುಸಿಯಿತು ಅಂತ ಕೇಳಲೇ ಇಲ್ಲ. ಒಂದು ಭಾನುವಾರ ಸುತ್ತಿಗೆ ಹಿಡಿದು ಪ್ರತಿ ತುಂಡಿನ ಮೇಲೂ ಬಡಿದು ನೋಡಿದೆ. ಎಂಟು ಟಣ್ ಅಂದವು, ಇದು ಮಾತ್ರ ಡಬ್ ಅಂತು. ಹಾರೆ ಹಾಕಿ ಮೀಟಿದರೆ ಮೂರು ಹೋಳಾಯಿತು. ಅಡಿಯಲ್ಲಿ ಮೊಣಕೈವರೆಗೆ ತೂರುವಷ್ಟು ಟೊಳ್ಳು! ಛಾವಣಿಯ ನೀರು ಇಳಿಯುವ ಪೈಪು ಸರಿಯಾಗಿ ಅದರ ಅಂಚಿಗೇ ಸುರಿಯುತ್ತಿತ್ತು, ಪ್ರತಿ ಮಳೆಗೂ ಒಂದಿಷ್ಟು ಮಣ್ಣು ಕೊಚ್ಚಿಕೊಂಡು ಹೋಗುತ್ತಿತ್ತು. ಆ ಪೈಪು ಹಾಗೇ ಇದ್ದಿದ್ದರೆ ಹೊಸ ದಾರಿಯೂ ಅಲ್ಲೇ ಕುಸಿಯುತ್ತಿತ್ತು, ಅಲ್ವಾ?

ತುಂಡು ಒಡೆಯದೆ ಬರೀ ಕುಸಿದಿದ್ದರೆ ಅದನ್ನು ಎತ್ತಲೂ ಬರುತ್ತದೆ. ಸಣ್ಣ ತೂತು ಕೊರೆದು ಸಿಮೆಂಟ್ ರಾಡಿಯನ್ನೋ ಉಬ್ಬುವ ಫೋಮನ್ನೋ ಪಂಪ್ ಮಾಡಿದರೆ ಚಪ್ಪಡಿ ಮೆಲ್ಲಗೆ ಮೇಲೇಳುತ್ತದೆ. ನನ್ನದಕ್ಕೆ ಆ ಭಾಗ್ಯವಿರಲಿಲ್ಲ. ಪೈಪನ್ನು ದೂರ ತಿರುಗಿಸಿದೆ, 4 ಇಂಚು ಜಲ್ಲಿ ಹಾಕಿ ದಿಮ್ಮಸು ಹೊಡೆದೆ, ಮೇಲೆ 4 ಇಂಚು ಕಾಂಕ್ರೀಟ್. ಮನೆಯಿಂದ ಹೊರಕ್ಕೆ ಅಡಿಗೆ ಕಾಲಿಂಚಿನಷ್ಟು ಇಳಿಜಾರು.

ಇಲ್ಲಿಯ ಕೆಲಸದಲ್ಲಿ ನಾನು ಮೆಚ್ಚಿದ್ದು ಗೀರು. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕುಗ್ಗಿದರೆ ಬಿರುಕು ಬಿಡುತ್ತದೆ. ಎಲ್ಲಿ ಬಿಡಬೇಕು ಅನ್ನುವುದಷ್ಟೇ ನಮ್ಮ ಕೈಲಿರುವುದು. ಅದಕ್ಕೇ 4 ಇಂಚು ದಪ್ಪಕ್ಕೆ 1 ಇಂಚು ಆಳದ ಗೀರು, ದಾರಿ ಎಷ್ಟು ಅಗಲವೋ ಸುಮಾರು ಅಷ್ಟೇ ದೂರಕ್ಕೊಂದು. ಬಿರುಕು ಆ ಗೀರಿನೊಳಗೆ ಬಿಟ್ಟುಕೊಂಡು ಕಣ್ಣಿಗೆ ಕಾಣದೆ ಕೂರುತ್ತದೆ. ಊರಲ್ಲಿ ನಾನು ನೋಡಿದ ಮೇಸ್ತ್ರಿಗಳು ಉದ್ದಕ್ಕೂ ಒಂದೇ ಪಟ್ಟೆ ಹಾಕಿಬಿಡುತ್ತಿದ್ದರು, ಮೇಲೆ ನೀರು ತೇಲುತ್ತಿದ್ದಾಗಲೇ ಒಣ ಸಿಮೆಂಟ್ ಉದುರಿಸಿ ತಿಕ್ಕುತ್ತಿದ್ದರು. ಮಿರಮಿರ ಮಿಂಚುತ್ತಿತ್ತು ನಿಜ, ಆದರೆ ಮಳೆಗೆ ಜಾರುತ್ತದೆ, ಮೇಲ್ಪದರ ಬೇಗ ಪುಡಿಪುಡಿ. ಹದ ಬಂದಾಗ ಪೊರಕೆ ಎಳೆದು ಬಿಟ್ಟರೆ ಎಷ್ಟೋ ವಾಸಿ.

ನೀರುಣಿಸುವ ವಿಷಯಕ್ಕೆ ಬಂದರೆ ನಮ್ಮ ಮೇಸ್ತ್ರಿಗಳಿಗೇ ನನ್ನ ಓಟು. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟು ನೀರನ್ನು ಹಿಡಿದುಕೊಂಡು. ಗೋಣಿಚೀಲ ಹೊದಿಸು, ಬೆಳಿಗ್ಗೆ ಸಂಜೆ ನೀರು ಹಾಕು, 7 ದಿನ ಬಿಡಬೇಡ ಅಂತ ಹೇಳದ ಮೇಸ್ತ್ರಿಯನ್ನು ನಾನು ಕಂಡಿಲ್ಲ. ಇಲ್ಲಿ ಒಳಗಿನ ನೀರು ಆರದಂತೆ ತಡೆಯುವ ಒಂದು ದ್ರಾವಣ ಸ್ಪ್ರೇ ಮಾಡಿ ಗಾಡಿ ಹತ್ತಿ ಹೋಗುತ್ತಾರೆ. ಸಮಯಕ್ಕೆ ಸರಿಯಾಗಿ, ಎಲ್ಲೂ ಬಿಡದೆ ಹೊಡೆದರೆ ಅದೂ ಸಾಲುತ್ತದೆ, ಅಷ್ಟು ನಿಗಾ ಇಡುವವರು ಕಮ್ಮಿ. ನಾನು ಗೋಣಿಚೀಲಕ್ಕೆ ನೀರು ಹಾಕುತ್ತಿದ್ದಾಗ ಪಕ್ಕದ ಮನೆಯವರು, ಕಲ್ಲಿಗೆ ನೀರು ಹಾಕಿದರೆ ಬೆಳೆಯುತ್ತದಾ ಅಂತ ನಕ್ಕರು. ನಗಲಿ ಬಿಡಿ.

ಹಿಮ ಬೀಳುವ ಕಡೆ ಮಾತ್ರ ನಮ್ಮ ಮೇಸ್ತ್ರಿಯ ಲೆಕ್ಕ ನಡೆಯುವುದಿಲ್ಲ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ, ಕಾಂಕ್ರೀಟಿನ ಒಳಗಿದ್ದರೆ ಸಿಡಿಸಿಬಿಡುತ್ತದೆ. ಅದಕ್ಕೇ ಇಲ್ಲಿ, ಹಿಗ್ಗಲು ಒಳಗೇ ಜಾಗ ಇರಲಿ ಅಂತ, ಬೇಕೆಂದೇ ಸಣ್ಣ ಗಾಳಿಗುಳ್ಳೆ ಕೂರಿಸಿದ ಮಿಶ್ರಣ ತರಿಸುತ್ತಾರೆ. ಹಿಮ ಕರಗಿಸುವ ಉಪ್ಪನ್ನು ಮೊದಲ ಚಳಿಗಾಲದಲ್ಲಿ ನಾನು ಹತ್ತಿರವೂ ಸೇರಿಸಲಿಲ್ಲ, ಜಾರದಿರಲು ಸುಮ್ನೆ ಮರಳು ಎರಚಿದೆ.

ಉಳಿದ ಎಂಟರಲ್ಲಿ ಎರಡಕ್ಕೆ ಕೂದಲೆಳೆಯ ಬಿರುಕಿದೆ. ಅಗಲವಾಗುತ್ತಿಲ್ಲ, ಹಾಗಾಗಿ ಮುಟ್ಟಿಲ್ಲ. ಹೊಸ ತುಂಡು ಎರಡು ಚಳಿಗಾಲ ದಾಟಿದೆ. ಬಣ್ಣದ ವಿಷಯದಲ್ಲಿ ಕಾಂಟ್ರಾಕ್ಟರ್ ಹೇಳಿದ್ದೇ ಸರಿ, ಈಗಲೂ ಅದೊಂದೇ ಬೆಳ್ಳಗೆ ಎದ್ದು ಕಾಣುತ್ತದೆ.